1969ರ ಕಮಾರೋ: 350 ಎಂಜಿನ್ ಬ್ಲಾಕ್ ಸೀಳಿದೆ, ಬದಲಿಗೆ ಯಾವುದು ಹಾಕಲಿ?

ಮಂಡ್ಯ_ಮಿಶಿಗನ್
ಎಲ್ಲರಿಗೂ ನಮಸ್ಕಾರ. ನಾನಿರೋದು ಡೆಟ್ರಾಯಿಟ್ ಪಕ್ಕ. ಗಾಡಿ 1969ರ ಷೆವರ್ಲೆ ಕಮಾರೋ ಎಸ್‌ಎಸ್ 350 (ಎಂಜಿನ್ 350 ಘನ ಇಂಚು), ನಾಲ್ಕು ಗೇರಿನ ಮನ್ಸಿ ಗೇರ್‌ಬಾಕ್ಸ್, ಕ್ಲಚ್‌ಗೆ ಕಂಪನಿಯ ಹಳೇ ರಾಡ್ ಲಿಂಕೇಜೇ ಇದೆ. ಹಿಂದಿನ ಮಾಲೀಕರು ಚಳಿಗಾಲವೆಲ್ಲ ಶೆಡ್‌ನಲ್ಲಿ ನಿಲ್ಲಿಸಿದ್ದರು, ರೇಡಿಯೇಟರ್‌ನಲ್ಲಿ ಇದ್ದದ್ದು ಬರೀ ನೀರು. ಈಗ ಕೂಲಂಟ್ ಮಾಯವಾಗ್ತಿದೆ, ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಹಾಕಿದ ಕಾಫಿ ಥರ ಬರುತ್ತೆ. ಬ್ಲಾಕ್ ಹೋಗಿದೆ ಅಂತಾರೆ ಎಲ್ಲರೂ. ಕೈಗೆ ಸಿಗೋ ಹಾಗಿರೋ ಬ್ಲಾಕ್ ಮೂರು, ಎರಕದ (ಕ್ಯಾಸ್ಟಿಂಗ್) ನಂಬರ್ ಸಮೇತ ಹೇಳ್ತೀನಿ: 1974ರ ಟ್ರಕ್ಕಿಂದ ತೆಗೆದ 3970010, 1990ರ ಪಿಕಪ್ಪಿನ 14093638, ಆಮೇಲೆ ಒಬ್ಬರು "400 ಬ್ಲಾಕ್, ಅಪರೂಪದ್ದು" ಅಂತ ಇಟ್ಕೊಂಡಿರೋ 3951509. ಯಾವುದಕ್ಕೆ ದುಡ್ಡು ಹಾಕಲಿ?

ಹುಬ್ಬಳ್ಳಿ_ಗ್ಯಾರೇಜ್
ತಡೀರಿ ಸಾಹೇಬ್ರ. ಬ್ಲಾಕ್ ಹೋಗೇತಿ ಅಂತ ಕಣ್ಣಾರೆ ಯಾರು ನೋಡ್ಯಾರ? ಆಯಿಲ್‌ಗೆ ನೀರು ಸೇರಾಕ ಹೆಡ್ ಗ್ಯಾಸ್ಕೆಟ್ ಸಾಕು, ಇನ್‌ಟೇಕ್ ಮ್ಯಾನಿಫೋಲ್ಡಿನ ತುದಿಯ ಗ್ಯಾಸ್ಕೆಟ್ಟೂ ಸಾಕು. ಈ ಎಂಜಿನ್ನಿನಾಗ ನೀರು ಇನ್‌ಟೇಕ್ ಒಳಗಿಂದನ ಥರ್ಮೋಸ್ಟಾಟಿಗೆ ಹೋಗತೈತಿ. ಆಯಿಲ್ ಪ್ಯಾನ್ ಇಳಿಸ್ರಿ, ರೇಡಿಯೇಟರ್ ಬಾಯಿಗೆ ಪ್ರೆಷರ್ ಟೆಸ್ಟರ್ ಹಚ್ಚಿ 15 ಪಿಎಸ್‌ಐ ಏರಿಸ್ರಿ, ಕೆಳಗ ಟಾರ್ಚ್ ಹಿಡಕೊಂಡು ಮಲಗ್ರಿ. ಹನಿ ಸಿಲಿಂಡರಿನಿಂದ ಬರತೈತೋ, ಮ್ಯಾಲಿಂದ ಇಳೀತೈತೋ ನೋಡ್ರಿ. ಮ್ಯಾಲಿಂದ ಬಂದ್ರ ಇನ್‌ಟೇಕ್ ತಗೀರಿ. ತಗದ್ರ ಎರಡೂ ಹೆಡ್ಡಿನ ತುದಿಯ ನೀರಿನ ಕಿಂಡಿ ತಗದಕೊಳ್ಳತಾವು, ನಾಲ್ಕಕ್ಕೂ ಪ್ಲೇಟ್ ಬಡದು ಮುಚ್ಚಿ ಮತ್ತ ಪ್ರೆಷರ್ ಕೊಡ್ರಿ. ಆಮ್ಯಾಲೆ ಬ್ಲಾಕಿನ ಮಾತು.

ಕ್ಯಾಸ್ಟಿಂಗ್_ನಂಬರ್
ಹುಬ್ಬಳ್ಳಿಯವರು ಹೇಳಿದ್ದು ಸರಿ. ಜೊತೆಗೆ ಇನ್ನೊಂದು ಕೆಲಸ. ಬ್ಲಾಕಿನ ಮುಂಭಾಗದಲ್ಲಿ, ಪ್ಯಾಸೆಂಜರ್ ಕಡೆಯ ಹೆಡ್ಡಿನ ಮುಂದೆ ಒಂದು ಚಪ್ಪಟೆ ಪ್ಯಾಡ್ ಇದೆ. ಬ್ರೇಕ್ ಕ್ಲೀನರ್ ಹಾಕಿ ಬಟ್ಟೆಯಲ್ಲಿ ಒರೆಸಿ. ವೈರ್ ಬ್ರಷ್ ಬೇಡ, ಅಕ್ಷರ ಸವೆದುಹೋಗುತ್ತೆ. ಗಾಡಿ ಒಹಾಯೋದ ನಾರ್ವುಡ್‌ನಲ್ಲಿ ತಯಾರಾಗಿದ್ದು, ಎಂಜಿನ್ನೂ ಅದರದ್ದೇ ಆಗಿದ್ದರೆ ಅಲ್ಲಿ 19ಎನ್ ಅಂತ ಶುರುವಾಗಿ ನಿಮ್ಮ ಗಾಡಿಯ ಗುರುತಿನ ನಂಬರಿನ (ವಿನ್) ಕೊನೆಯ ಅಂಕಿಗಳು ಇರಬೇಕು. 1 ಅಂದ್ರೆ ಷೆವರ್ಲೆ, 9 ಅಂದ್ರೆ 1969, ಎನ್ ಅಂದ್ರೆ ನಾರ್ವುಡ್. ಹಾಗೇನಾದರೂ ಇದ್ದರೆ ಬೇರೆ ಬ್ಲಾಕಿನ ಯೋಚನೆಯನ್ನೇ ಬಿಡಿ. ಬಿರುಕಿನ ಉದ್ದಕ್ಕೂ ತೂತು ಕೊರೆದು ಲೋಹದ ಪಿನ್ನುಗಳನ್ನು ಹೊಲಿದ ಹಾಗೆ ಕೂರಿಸುವವರಿದ್ದಾರೆ, ಅವರಿಗೆ ತೋರಿಸಿ.

ಮಂಡ್ಯ_ಮಿಶಿಗನ್
ನೋಡಿದೆ. ಪ್ಯಾಡ್ ಮೇಲೆ 12ಎನ್ ಅಂತ ಇದೆ, ಗಾಡಿಯ ನಂಬರಿಗೂ ಅದಕ್ಕೂ ಸಂಬಂಧವಿಲ್ಲ. ಅಂದ್ರೆ 1972ರ ಯಾವುದೋ ಗಾಡಿಯದ್ದು. ಪ್ರೆಷರ್ ಕೊಟ್ಟಾಗ ಲಿಫ್ಟರ್ ವ್ಯಾಲಿಯಲ್ಲಿ (ಇನ್‌ಟೇಕ್ ಕೆಳಗಿನ ತಗ್ಗು), ಲಿಫ್ಟರ್ ತೂತುಗಳ ಮೇಲ್ಗಡೆ, ಗೇಣುದ್ದ ಕೂದಲೆಳೆ ಗೆರೆ. ಅಲ್ಲಿಂದಲೇ ನೀರು ಜಿನುಗುತ್ತಿದೆ. ಕ್ರ್ಯಾಂಕ್ ಚೆನ್ನಾಗಿದೆ, ಅದನ್ನೇ ಇಟ್ಟುಕೊಳ್ಳುವ ಆಸೆ.

ಕ್ಯಾಸ್ಟಿಂಗ್_ನಂಬರ್
ಹಾಗಾದರೆ ಈ ಬ್ಲಾಕಿನ ಮೇಲೆ ಮಮಕಾರ ಬೇಡ. ಬ್ಲಾಕಿಗೆ ಏನೇನು ಸಿಕ್ಕಿಸಬೇಕು ಅನ್ನೋದನ್ನ ಮೊದಲು ಬರೆದುಕೊಳ್ಳಿ: ನಿಮ್ಮ ಕ್ರ್ಯಾಂಕ್, ಫ್ಲೈವೀಲ್, ರಾಡ್ ಕ್ಲಚ್, ಮೆಕ್ಯಾನಿಕಲ್ ಫ್ಯುಯೆಲ್ ಪಂಪ್, ಡ್ರೈವರ್ ಕಡೆಯ ಡಿಪ್‌ಸ್ಟಿಕ್. ಆ ಪಟ್ಟಿ ಹಿಡಿದು ಮೂರನ್ನೂ ನೋಡಿ.

1990ರದ್ದು ಕಾಗದದ ಮೇಲೆ ಚಂದ. ಆದರೆ 1986ರಿಂದ ಕ್ರ್ಯಾಂಕಿನ ಹಿಂತುದಿಯ ಆಯಿಲ್ ಸೀಲ್ (ರಿಯರ್ ಮೇನ್ ಸೀಲ್) ಒಂದೇ ತುಂಡಿನ ರಿಂಗ್ ಆಯಿತು, ಕ್ರ್ಯಾಂಕಿನ ಹಿಂಭಾಗವೇ ಬದಲಾಯಿತು. ಫ್ಲೈವೀಲ್ ಬೋಲ್ಟುಗಳ ವೃತ್ತ 3.58 ಇಂಚಿದ್ದದ್ದು 3.00 ಆಯಿತು. ನಿಮ್ಮ ಕ್ರ್ಯಾಂಕ್ ಕೂರಬೇಕಾದರೆ ಅಡಾಪ್ಟರ್ ಬೇಕು. ಆ ಕಾಲದ ಎಷ್ಟೋ ಬ್ಲಾಕ್‌ಗಳಲ್ಲಿ ಫ್ಯುಯೆಲ್ ಪಂಪಿನ ಜಾಗ ಕೊರೆದಿರುವುದಿಲ್ಲ, ಕ್ಲಚ್ಚಿನ ಝಡ್-ಬಾರ್ ನಿಲ್ಲುವ ಬಾಲ್ ಸ್ಟಡ್ಡಿನ ತೂತೂ ಇರುವುದಿಲ್ಲ. ಡಿಪ್‌ಸ್ಟಿಕ್ ಅಂತೂ 1980ರಿಂದಲೇ ಪ್ಯಾಸೆಂಜರ್ ಕಡೆಗೆ ಹೋಯಿತು, ಅಂದರೆ ಪ್ಯಾನೂ ಬೇರೆ. ರೋಲರ್ ಕ್ಯಾಮ್ ಹಾಕಬಹುದು ಅನ್ನೋದೊಂದೇ ಆಸೆ, ಟ್ರಕ್ ಬ್ಲಾಕ್‌ಗಳಲ್ಲಿ ಅದರ ಬಾಸ್ (ಬೋಲ್ಟ್ ಕೂರುವ ಉಬ್ಬು) ಎರಕ ಹೊಯ್ದು ತೂತು ಕೊರೆಯದೇ ಬಿಟ್ಟಿರುವುದೂ ಉಂಟು.

400ರ ಬೋರ್ (ಸಿಲಿಂಡರಿನ ಒಳ ಅಗಲ) 4.125 ಇಂಚು, ಸಿಲಿಂಡರುಗಳು ಒಂದಕ್ಕೊಂದು ಅಂಟಿಕೊಂಡಿವೆ. ಹೆಡ್ಡಿಗೆ ಸ್ಟೀಮ್ ಹೋಲ್ (ಆವಿ ಹೋಗುವ ತೂತು) ಕೊರೆಸಬೇಕು. ಅದರ ಮೇನ್ ಜರ್ನಲ್ 2.65 ಇಂಚು, ನಿಮ್ಮ ಕ್ರ್ಯಾಂಕಿನದ್ದು 2.45. ನಡುವೆ ದಪ್ಪ ಬೇರಿಂಗ್ ಹಾಕಿ ಕೂರಿಸುವವರಿದ್ದಾರೆ, ನಿಮಗೆ ಆ ಉಸಾಬರಿ ಯಾಕೆ?

010, ಅಂದರೆ 1974ರ ಆ 3970010 ತಗೊಳ್ಳಿ. ನಿಮ್ಮ ಪಟ್ಟಿಯಲ್ಲಿ ಇರೋದೆಲ್ಲ ಅದಕ್ಕೆ ಸಿಕ್ಕಿಕೊಳ್ಳುತ್ತೆ.

ಹುಬ್ಬಳ್ಳಿ_ಗ್ಯಾರೇಜ್
010 ಅಂದ ಕೂಡಲೇ ಮಾರಾವ "ನಾಲ್ಕು ಬೋಲ್ಟಿನದು" ಅಂತಾನ. ಆ ನಂಬರಿನಾಗ ಎರಡು ಬೋಲ್ಟಿಂದೂ ಐತಿ, ನಾಲ್ಕು ಬೋಲ್ಟಿಂದೂ ಐತಿ. ಪ್ಯಾನ್ ಬಿಚ್ಚಿ ಕ್ರ್ಯಾಂಕ್ ಹಿಡಿಯೂ ನಡುವಿನ ಮೂರು ಕ್ಯಾಪ್ ನೋಡಿದ್ರಷ್ಟ ಗೊತ್ತಾಗತೈತಿ. ನಿಮ್ಮ 300 ಕುದುರಿಗೆ ಎರಡು ಬೋಲ್ಟ್ ಬೇಕಾದಷ್ಟಾತು, ಹೆಚ್ಚಿಗಿ ರೊಕ್ಕ ಕೊಡಬ್ಯಾಡ್ರಿ. ನಂಬರ್ ಡ್ರೈವರ್ ಕಡೆ ಹಿಂದ, ಬೆಲ್‌ಹೌಸಿಂಗ್ ಕೂಡೂ ಅಂಚಿನ ಮ್ಯಾಲೆ ಇರತೈತಿ, ಖುದ್ದ ಓದ್ರಿ. ಬೋರಿಗೆ ಕ್ಯಾಲಿಪರ್ ಇಡ್ರಿ. 3.736 ಬಂದ್ರ ಅದು 305, ಸಣ್ಣ ಎಂಜಿನ್ನಿಂದು, ಹೊರಗಿಂದ ನೋಡಾಕ ಎರಡೂ ಒಂದ. 4.000 ಬಂದ್ರ ಕಂಪನಿ ಬೋರ್, ಕೊರಸಿಲ್ಲ, 4.030 ಬಂದ್ರ ಒಮ್ಮಿ ಕೊರಸ್ಯಾರ. 4.060 ಬಂದ್ರ ಬಿಟ್ಟು ಬರ್ರಿ, ಮತ್ತ ಕೊರಸಾಕ ಗ್ವಾಡಿ ಉಳಿದಿರಂಗಿಲ್ಲ.

ಮಂಡ್ಯ_ಮಿಶಿಗನ್
ಕ್ಯಾಲಿಪರ್ ಹಿಡಿದು ಹೋಗಿದ್ದೆ. 4.000 ಚಿಲ್ಲರೆ, ಮೇಲ್ತುದಿಯಲ್ಲಿ ಉಗುರಿಗೆ ಸಿಗೋ ಅಂಚು ಇದೆ. ಎರಡು ಬೋಲ್ಟಿನದೇ. ಮಾರುವವರು ಅಡ್ವಾನ್ಸ್ ಕೇಳ್ತಿದ್ದಾರೆ.

ಕ್ಯಾಸ್ಟಿಂಗ್_ನಂಬರ್
ಅಂಚು ಇದ್ದರೆ ಪರವಾಗಿಲ್ಲ, 30 ಥೌ (0.030 ಇಂಚು) ಕೊರೆಸಿದರೆ ಹೋಗುತ್ತೆ. ಮ್ಯಾಗ್ನಾಫ್ಲಕ್ಸ್‌ನಲ್ಲಿ (ಕಾಂತದಿಂದ ಬಿರುಕು ಹುಡುಕುವ ಪರೀಕ್ಷೆ) ಬಿರುಕು ಕಂಡರೆ ವಾಪಸ್ ಅಂತ ಬರೆಸಿಕೊಂಡೇ ಅಡ್ವಾನ್ಸ್ ಕೊಡಿ. ಅದೂ ಮಿಶಿಗನ್ ಚಳಿ ತಿಂದ ಬ್ಲಾಕೇ ಅಲ್ಲವೇ. ಪಿಸ್ಟನ್ ಕೈಗೆ ಬರೋವರೆಗೆ ಬೋರ್ ಮಾಡಿಸಬೇಡಿ, ಹೋನಿಂಗ್ (ಸಿಲಿಂಡರನ್ನು ಕೊನೆಗೆ ನಯವಾಗಿ ಉಜ್ಜೋದು) ಪಿಸ್ಟನ್ನಿನ ಅಳತೆಗೇ ಆಗಬೇಕು. ಟಾರ್ಕ್ ಪ್ಲೇಟ್ (ಹೆಡ್ಡಿನ ಬದಲು ಬಿಗಿಯುವ ದಪ್ಪ ತಟ್ಟೆ) ಕಟ್ಟಿ ಹೋನ್ ಮಾಡ್ತೀರಾ ಅಂತ ಅಂಗಡಿಯವರನ್ನ ಕೇಳಿ.

ಮಂಡ್ಯ_ಮಿಶಿಗನ್
ಸರಿ ಸರ್. ಕೊನೇದೊಂದು: ಹಳೇ ಸ್ಟಾರ್ಟರ್ ಇದಕ್ಕೆ ಆಗುತ್ತಾ?

ಹುಬ್ಬಳ್ಳಿ_ಗ್ಯಾರೇಜ್
ಫ್ಲೈವೀಲಿನ ಹಲ್ಲು ಎಣಸ್ರಿ. 168 ಇದ್ರ ಸ್ಟಾರ್ಟರಿನ ಎರಡು ಬೋಲ್ಟ್ ಓರೆಯಾಗಿ ಹಿಂದ-ಮುಂದ ಇರತಾವು, 153 ಇದ್ರ ಎರಡೂ ಒಂದ ಸಾಲಿನಾಗ. ಕೆಲವು ಬ್ಲಾಕಿನಾಗ ಒಂದ ನಮೂನಿ ತೂತು ಕೊರದಿರತಾರ. ಅಡ್ವಾನ್ಸ್ ಕೊಡೂ ಮುಂಚೆ ಬ್ಲಾಕ್ ಹೊಳ್ಳಿ ಹಾಕಿ ಅದನ್ನೂ ನೋಡಿಬಿಡ್ರಿ.