ಪದಕದಾಚೆಗೆ ನಿಮ್ಮನ್ನು ಜಿಯು-ಜಿಟ್ಸುವಿನಲ್ಲಿ ಹಿಡಿದಿಟ್ಟಿರುವುದು ಏನು? ಅನುಭವ ಹಂಚಿಕೊಳ್ಳಿ

ಪ್ರಶ್ನೆ (ಅಂಧೇರಿ, ಮುಂಬೈ)

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಕಡೆಯವನು, ಉದ್ಯೋಗದ ನಿಮಿತ್ತ ಅಂಧೇರಿಯಲ್ಲಿ ನೆಲೆಸಿದ್ದೇನೆ. ಕೆಲವು ವರ್ಷಗಳಿಂದ ಬ್ರೆಜಿಲಿಯನ್ ಜಿಯು-ಜಿಟ್ಸು (ಹೆಚ್ಚಾಗಿ ನೆಲದ ಮೇಲೆ, ಹಿಡಿತಗಳಿಂದ ಸೆಣಸುವ ಕಲೆ) ಕಲಿಯುತ್ತಿದ್ದು, ಈಗ ಬಿಳಿಯ ನಂತರದ ನೀಲಿ ಬೆಲ್ಟ್‌ನಲ್ಲಿದ್ದೇನೆ. ಈಚೆಗೆ ನಡೆದ ಒಂದು ಸ್ಪರ್ಧೆಯಲ್ಲಿ ನನ್ನ ತೂಕದ ವಿಭಾಗದಲ್ಲಿ ಚಿನ್ನ ಬಂತು. ಬಹುದಿನಗಳಿಂದ ಬಯಸಿದ್ದು ಅದೇ ಆಗಿದ್ದರೂ, ಲೋಕಲ್ ಹತ್ತಿ ಮನೆ ಸೇರುವಷ್ಟರಲ್ಲಿ ಸಂತೋಷ ಇಳಿದುಹೋಗಿತ್ತು. ಮುಂದಿನ ಸ್ಪರ್ಧೆಯಲ್ಲಿ ಮೊದಲ ಸುತ್ತಿನಲ್ಲೇ ಸೋತೆ. ಆ ಬೇಸರ ಮಾತ್ರ ವಾರಗಟ್ಟಲೆ ಉಳಿಯಿತು. ಗೆಲುವಿನ ಸುಖ ಇಷ್ಟು ಚಿಕ್ಕದು, ಸೋಲಿನ ಸಂಕಟ ಅಷ್ಟು ದೊಡ್ಡದು ಎಂದಾದರೆ, ಕೆಲಸ ಮುಗಿಸಿ ರಾತ್ರಿ ಮ್ಯಾಟ್ ಮೇಲೆ ಮೈ ನುಗ್ಗುಮಾಡಿಕೊಳ್ಳುವುದು ಯಾವ ಪುರುಷಾರ್ಥಕ್ಕೆ ಎಂದು ಮನೆಯವರೂ ಕೇಳುತ್ತಿದ್ದಾರೆ, ನಾನೂ ಕೇಳಿಕೊಳ್ಳುತ್ತಿದ್ದೇನೆ. ಸ್ಪರ್ಧೆಗೆ ಇಳಿಯುವ ಹಿರಿಯರು ತಮ್ಮ ಅನುಭವವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ (ಡೊಂಬಿವಲಿ)

ನಾನು ಉಡುಪಿಯವಳು, ಬ್ಯಾಂಕ್ ಉದ್ಯೋಗಿ, ನೀಲಿಯ ಮುಂದಿನ ನೇರಳೆ ಬೆಲ್ಟ್. ಮಹಿಳೆಯರ ವಿಭಾಗದಲ್ಲಿ ಸೆಣಸುವವರಿಗೆ ಪದಕದ ಬೆಲೆ ಬೇಗನೆ ತಿಳಿದುಬಿಡುತ್ತದೆ, ಏಕೆಂದರೆ ನಮ್ಮಲ್ಲಿ ಹೆಸರು ಕೊಡುವವರೇ ಕಡಿಮೆ. ಒಂದೇ ಪಂದ್ಯವಾಡಿ ಚಿನ್ನ ಪಡೆದದ್ದೂ ಉಂಟು, ನನಗಿಂತ ಬಹಳ ಮುಂದಿರುವವರೊಡನೆ ಕೊನೆಯ ಕ್ಷಣದವರೆಗೆ ಹೋರಾಡಿ ಬರಿಗೈಯಲ್ಲಿ ಮರಳಿದ್ದೂ ಉಂಟು. ಎರಡನ್ನೂ ಕಂಡ ಮೇಲೆ, ಆ ದಿನ ಆ ವಿಭಾಗಕ್ಕೆ ಯಾರು ಬಂದಿದ್ದರು ಎನ್ನುವುದನ್ನಷ್ಟೇ ಪದಕ ಹೇಳಬಲ್ಲದು ಎಂದು ನನಗೆ ಮನವರಿಕೆಯಾಯಿತು. ನನ್ನ ಆಟ ಎಲ್ಲಿಗೆ ಬಂದಿದೆ ಎಂಬುದನ್ನು ತಿಳಿಯಲು ನಾನೇ ಬೇರೆ ದಾರಿ ಹುಡುಕಬೇಕಾಯಿತು.

ಹಾಗಾಗಿ ಪ್ರತಿ ಸ್ಪರ್ಧೆಗೂ ಒಂದು ಪ್ರಶ್ನೆಯನ್ನು ಇಟ್ಟುಕೊಂಡು ಹೋಗುವುದನ್ನು ರೂಢಿಸಿಕೊಂಡೆ. ಒಂದು ವರ್ಷ ಮಳೆಗಾಲವಿಡೀ, ಒಗೆದ ಗೀ (ಅಭ್ಯಾಸದ ದಪ್ಪ ಉಡುಪು) ಎರಡು ದಿನವಾದರೂ ಒಣಗದೆ ಫ್ಯಾನಿನ ಕೆಳಗೆ ಹರವಿಕೊಂಡು ಕೂರುವ ಆ ದಿನಗಳಲ್ಲಿ, ಒಂದೇ ವಿಷಯವನ್ನು ಅಭ್ಯಾಸ ಮಾಡಿದೆ: ಹಾಫ್ ಗಾರ್ಡ್‌ನಲ್ಲಿ, ಅಂದರೆ ಎದುರಾಳಿಯ ಒಂದು ಕಾಲು ಮಾತ್ರ ನಮ್ಮ ಕಾಲುಗಳ ನಡುವೆ ಇರುವಾಗ, ಕೆಳಗೆ ಸಿಕ್ಕಿಕೊಂಡರೆ ಬೆನ್ನು ನೆಲಕ್ಕೆ ಅಂಟದಂತೆ ಮಗ್ಗುಲಾಗುವುದು, ಎದುರಾಳಿಯ ಕಂಕುಳಡಿ ತೋಳು ತೂರಿಸಿ ಅಂಡರ್‌ಹುಕ್ ಪಡೆಯುವುದು, ಅಲ್ಲಿಂದ ಮಂಡಿಯ ಮೇಲೆದ್ದು ಉರುಳಿಸುವುದು. ಸ್ಪರ್ಧೆಯ ದಿನ ಎದುರಾಳಿ ಆರಂಭದಲ್ಲೇ ನನ್ನ ಗಾರ್ಡ್ (ಕಾಲುಗಳ ತಡೆ) ದಾಟಿ ಮೂರು ಅಂಕ ಪಡೆದಳು. ಹೇಗೋ ಆಕೆಯ ಒಂದು ಕಾಲನ್ನು ಮತ್ತೆ ನನ್ನ ಕಾಲುಗಳ ನಡುವೆ ಸಿಕ್ಕಿಸಿಕೊಂಡೆ. ಆಕೆಯ ಭುಜ ನನ್ನ ದವಡೆಯನ್ನು ಒತ್ತಿ ಮುಖವನ್ನು ಆಚೆಗೆ ತಿರುಗಿಸಿತ್ತು. ಮುಖ ಆಚೆಗೆ ಹೋದರೆ ಸೊಂಟ ಈಚೆಗೆ ಬರುವುದಿಲ್ಲ ಎನ್ನುವುದು ಅಭ್ಯಾಸ ಮಾಡಿದವರಿಗೆಲ್ಲ ಗೊತ್ತು. ಆಕೆಯ ತೋಳನ್ನು ಅಂಗೈಯಿಂದ ತಡೆದು, ಉಸಿರು ಕಟ್ಟದೆ ಕಾದೆ. ಕಾಲು ಬಿಡಿಸಿಕೊಳ್ಳಲೆಂದು ಆಕೆ ಸೊಂಟವನ್ನು ತುಸುವೇ ಎತ್ತಿದಾಗ ನನ್ನ ತೋಳು ಒಳಕ್ಕೆ ಹೋಯಿತು. ಎದ್ದೆ, ಉರುಳಿಸಿದೆ, ಮೂರು ಸೆಕೆಂಡು ಮೇಲೆ ಉಳಿದೆ, ರೆಫರಿ ಎರಡು ಬೆರಳು ತೋರಿಸಿದರು. ಪಂದ್ಯವನ್ನು 3–2ರಿಂದ ಸೋತೆ. ಆದರೆ ತಿಂಗಳುಗಟ್ಟಲೆ ಕಲಿತದ್ದು, ನನ್ನನ್ನು ತಡೆಯಲೇಬೇಕೆಂದು ಬಂದವಳ ಮೇಲೂ ನಡೆಯಿತು ಎಂಬ ಆ ತೃಪ್ತಿಯನ್ನು ಬೇರಾವ ಪದಕವೂ ನನಗೆ ಕೊಟ್ಟಿಲ್ಲ.

ನಿಮ್ಮ ಚಿನ್ನ ಬೇಗ ಮಾಸಿದ್ದಕ್ಕೆ ಕಾರಣ ಇಲ್ಲಿರಬಹುದು ಎಂದು ನನ್ನ ಊಹೆ. ವಯಸ್ಕರ ನೀಲಿ ಬೆಲ್ಟ್ ಪಂದ್ಯ ಹೆಚ್ಚೆಂದರೆ 6 ನಿಮಿಷದ್ದು, ಬೇರೆ ಬೆಲ್ಟ್‌ಗಳಲ್ಲೂ ಬಿಳಿಗೆ 5 ನಿಮಿಷದಿಂದ ಕಪ್ಪಿಗೆ 10 ನಿಮಿಷದವರೆಗೆ ಮಾತ್ರ. ಇಷ್ಟು ಕಿರಿದಾದ ಅವಧಿಯ ಫಲಿತಾಂಶವೇ ಇಡೀ ವರ್ಷದ ರಾತ್ರಿಗಳಿಗೆ ಅರ್ಥ ತಂದುಕೊಡಬೇಕು ಎಂದು ನಿರೀಕ್ಷಿಸಿದರೆ, ಗೆದ್ದಾಗಲೂ ಅದು ಸಾಲದು. ಹೆಸರು ಕೊಡುವ ಮೊದಲೇ ನಿಮ್ಮ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದು ಕೋಚ್‌ಗೆ ಕೊಡಿ. ಪಂದ್ಯ ಮುಗಿದ ಮೇಲೆ ಅವರೊಂದಿಗೆ ಮೊದಲು ಮಾತಾಡಬೇಕಾದದ್ದು ಆ ವಾಕ್ಯದ ಬಗ್ಗೆ. ಅಂಕಗಳ ಬಗ್ಗೆ ಆಮೇಲೆ ಮಾತಾಡಿದರಾಯಿತು.

ಉತ್ತರ (ಪುಣೆ)

ಡೊಂಬಿವಲಿಯ ಸೋದರಿಯ ಮಾತನ್ನು ಬಹುಪಾಲು ಒಪ್ಪುತ್ತೇನೆ, ಆದರೂ ಒಂದು ಎಚ್ಚರಿಕೆಯನ್ನು ಸೇರಿಸಬೇಕು ಅನ್ನಿಸುತ್ತದೆ. ನಾನು ಧಾರವಾಡದವನು, ನಮ್ಮ ಅಜ್ಜ ಗರಡಿಮನೆಯಲ್ಲಿ ಮಣ್ಣು ಹದ ಮಾಡಿ ಪಟ್ಟು ಕಲಿಸುತ್ತಿದ್ದವರು. ಗೆಲ್ಲುವ ಆಸೆಯಿಲ್ಲದೆ ಅಖಾಡಕ್ಕಿಳಿಯುವುದು ಎದುರಿಗೆ ನಿಂತವನಿಗೆ ಮಾಡುವ ಅಗೌರವ ಎಂದು ಅವರು ನಂಬಿದ್ದರು, ನಾನೂ ನಂಬುತ್ತೇನೆ. ಈ ಭಾಗದಲ್ಲಿ ಕುಸ್ತಿಯ ಮಾತು ಬಂದರೆ ಖಾಶಾಬಾ ಜಾಧವರ ಹೆಸರು ಬಾರದೆ ಇರುವುದಿಲ್ಲ. ಮಣ್ಣಿನ ಕುಸ್ತಿಯಲ್ಲಿ ಬೆಳೆದ ಅವರು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟ್ ಮೇಲೆ ಸೆಣಸಿ ಆರನೆಯವರಾದರು, 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದು ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದರು. ಆ ನಡುವಿನ ವರ್ಷಗಳ ದುಡಿಮೆಯ ಹಿಂದೆ ಪದಕದ ಹಂಬಲ ಇರಲಿಲ್ಲವೆಂದು ಹೇಳಲು ನನ್ನಿಂದಾಗದು. ಆದುದರಿಂದ ಗೆಲುವಿನ ಆಸೆಯನ್ನು ಬಚ್ಚಿಡಬೇಡಿ. ಪಂದ್ಯಕ್ಕೆ ಮೊದಲು ಅದು ಇರಬೇಕು, ಪಂದ್ಯದ ನಡುವೆಯೂ ಇರಬೇಕು. ಪಂದ್ಯ ಮುಗಿದ ಮೇಲೆ ನಿಮ್ಮ ಯೋಗ್ಯತೆಯನ್ನು ಅಳೆಯುವ ಅಧಿಕಾರವನ್ನು ಮಾತ್ರ ಅದಕ್ಕೆ ಕೊಡಬೇಡಿ.

ಲೆಕ್ಕ ಹಾಕಿ ನೋಡಿ: 16 ಜನರ ನಾಕೌಟ್ ಡ್ರಾನಲ್ಲಿ 15 ಪಂದ್ಯಗಳು ನಡೆಯುತ್ತವೆ, 15 ಜನ ಸೋಲುತ್ತಾರೆ, ಅವರಲ್ಲಿ ಎಂಟು ಮಂದಿಯ ದಿನ ಮೊದಲ ಸುತ್ತಿಗೇ ಮುಗಿಯುತ್ತದೆ. ಇದು ಪ್ರತಿ ಸ್ಪರ್ಧೆಯಲ್ಲೂ ಹೀಗೆಯೇ ನಡೆಯಬೇಕು, ಬೇರೆ ದಾರಿಯಿಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ದೃಶ್ಯಗಳನ್ನು ಪರಿಶೀಲಿಸಿ ಮನಶ್ಶಾಸ್ತ್ರಜ್ಞರು 1995ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರೇ ಹೆಚ್ಚು ಸಂತುಷ್ಟರಾಗಿ ಕಂಡುಬಂದರು. ಬೆಳ್ಳಿಯವರು ಕೈತಪ್ಪಿದ ಚಿನ್ನವನ್ನು ನೆನೆಯುತ್ತಿದ್ದರು ಎಂಬುದು ಅದಕ್ಕೆ ಕೊಟ್ಟ ವಿವರಣೆ. ಐಬಿಜೆಜೆಎಫ್ (ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜಿಯು-ಜಿಟ್ಸು ಒಕ್ಕೂಟ) ನಿಯಮದ ಸ್ಪರ್ಧೆಗಳಲ್ಲಿ ಕಂಚಿಗಾಗಿ ಬೇರೆ ಪಂದ್ಯವಿಲ್ಲ, ಸೆಮಿಫೈನಲ್ ಸೋತ ಇಬ್ಬರಿಗೂ ಅದನ್ನು ಕೊಡುತ್ತಾರೆ. ಅಂದರೆ ನಮ್ಮಲ್ಲಿ ಕಂಚಿನವನೂ ಸೋತೇ ವೇದಿಕೆ ಹತ್ತುತ್ತಾನೆ. ಪಂದ್ಯದ ನಂತರದ ದುಃಖವನ್ನು ನಿಮ್ಮೊಬ್ಬರ ದೌರ್ಬಲ್ಯವೆಂದು ತಿಳಿಯದಿರಿ ಎಂದು ಇದನ್ನು ಹೇಳಿದೆ.

ನನಗೀಗ ಐವತ್ತು ಸಮೀಪಿಸುತ್ತಿದೆ. 30 ತುಂಬುವ ವರ್ಷದಿಂದಲೇ ಮಾಸ್ಟರ್ಸ್ ವಿಭಾಗಗಳು ತೆರೆದುಕೊಳ್ಳುತ್ತವೆ, ವಯಸ್ಸಿನೊಂದಿಗೆ ಮೇಲೇರುತ್ತ ಹೋಗುತ್ತವೆ. ನನ್ನ ಸಮವಯಸ್ಕರು ಸ್ಪರ್ಧೆಗೆ ಬರುವುದು ತಮ್ಮ ದೇಹವನ್ನು ಒಂದು ದಿನಾಂಕಕ್ಕೆ ಸಿದ್ಧಪಡಿಸುವ ಶಿಸ್ತಿಗಾಗಿ. ದಿನಾಂಕ ಗೊತ್ತಾಗಿದ್ದರೆ ನಿದ್ದೆ, ಊಟ, ಮಾತು ಎಲ್ಲವೂ ಹಿಡಿತಕ್ಕೆ ಬರುತ್ತವೆ, ಮತ್ತು ಆ ಎರಡು ತಿಂಗಳು ನಾನು ಮನೆಯಲ್ಲೂ ಹೆಚ್ಚು ತಾಳ್ಮೆಯ ಮನುಷ್ಯನಾಗಿರುತ್ತೇನೆ ಎಂದು ಹೆಂಡತಿಯೇ ಹೇಳುತ್ತಾಳೆ. ನಿಮ್ಮ ಮನೆಯವರ ಪ್ರಶ್ನೆಗೆ ಮಾತಿನಲ್ಲಿ ಉತ್ತರ ಹುಡುಕುವುದಕ್ಕಿಂತ ಇದು ಮೇಲು.

ಉತ್ತರ (ವಾಸ್ಕೋ, ಗೋವಾ)

ನಾನು ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ನೆಲೆಸಿದವನು, ಸಂಜೆ ಮಕ್ಕಳಿಗೆ ಕಲಿಸುತ್ತೇನೆ. ಮೇಲಿನ ಇಬ್ಬರೂ ಮುಂದಿನ ಸ್ಪರ್ಧೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದಾರೆ. ಸ್ವಲ್ಪ ಕಾಲ ಸ್ಪರ್ಧೆಗೆ ಹೆಸರನ್ನೇ ಕೊಡದಿದ್ದರೂ ನಡೆಯುತ್ತದೆ ಎನ್ನುವುದು ನನ್ನ ಸಲಹೆ. ಆದರೆ ಮ್ಯಾಟ್ ಬಿಡಬೇಡಿ. ಸ್ಪರ್ಧೆಗೆ ಸಿದ್ಧರಾಗುತ್ತಿರುವ ಗೆಳೆಯರೊಬ್ಬರಿಗೆ ಅಭ್ಯಾಸದ ಜೊತೆಗಾರರಾಗಿ. ಅವರ ಎದುರಾಳಿ ಎಡಗಾಲಿನವರಾದರೆ ನೀವೂ ಎಡಗಾಲು ಮುಂದಿಟ್ಟು ನಿಲ್ಲಿ, ಅವರಿಗೆ ಯಾವ ಹಿಡಿತ ತೊಡಕೋ ಅದನ್ನೇ ಮತ್ತೆ ಮತ್ತೆ ಹಾಕಿ. ಅವರು ಆ ಹಿಡಿತವನ್ನು ಬಿಡಿಸಿಕೊಳ್ಳಲು ಕಲಿತ ದಿನ ಮನೆಗೆ ಹೋಗುವಾಗ ನಿಮಗೆ ಏನನ್ನಿಸುತ್ತದೆ ಎಂದು ಗಮನಿಸಿ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಟ್ಯಾಪ್ ಮಾಡಲು, ಅಂದರೆ ಕೈತಟ್ಟಿ ಸೋಲೊಪ್ಪಲು, ಒಪ್ಪುತ್ತಲೇ ಇರಲಿಲ್ಲ, ತೋಳು ನೋಯುತ್ತಿದ್ದರೂ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದಳು. ಒಂದು ಸಂಜೆ ತಾನೇ ಎರಡು ಬಾರಿ ತಟ್ಟಿ, ಎದ್ದು ಗೀ ಸರಿಮಾಡಿಕೊಂಡು, ‘ಇನ್ನೊಮ್ಮೆ’ ಎಂದಳು. ನಾನು ಗೆದ್ದ ಪಂದ್ಯಗಳು ನನಗೆ ಅಷ್ಟಾಗಿ ನೆನಪಿಲ್ಲ, ಅವಳು ಕೇಳಿದ ಆ ಮಾತು ಚೆನ್ನಾಗಿ ನೆನಪಿದೆ.

ಪ್ರಶ್ನೆ ಕೇಳಿದವರು

ಅಕ್ಕ, ಸರ್, ಅಣ್ಣ, ಮೂವರಿಗೂ ಕೃತಜ್ಞತೆಗಳು. ಇಷ್ಟು ವಿವರವಾಗಿ ಬರೆಯುತ್ತೀರೆಂದು ಎಣಿಸಿರಲಿಲ್ಲ. ನಮ್ಮ ಜಿಮ್‌ನಿಂದ ಒಬ್ಬರು ಸ್ಪರ್ಧೆಗೆ ತಯಾರಾಗುತ್ತಿದ್ದಾರೆ, ನಾಳೆಯೇ ಅವರನ್ನು ಕೇಳುತ್ತೇನೆ. ಅಕ್ಕ, ನನ್ನ ಪ್ರಶ್ನೆ ಯಾವುದಿರಬೇಕು ಎಂದು ಗೊತ್ತುಮಾಡಿಕೊಳ್ಳುವುದು ಹೇಗೆ? ಸೋತ ಪಂದ್ಯದಲ್ಲಿ ಎದುರಾಳಿ ನನ್ನ ಬೆನ್ನು ಹಿಡಿದು ನಾಲ್ಕು ಅಂಕ ಪಡೆದ, ಬಳಿಕ ಕಾಲರ್ ಹಿಡಿದು ಕತ್ತು ಬಿಗಿದ.

ಉತ್ತರ (ಡೊಂಬಿವಲಿ)

ಹಾಗಿದ್ದರೆ ಹುಡುಕುವುದೇ ಬೇಡ. ‘ಬೆನ್ನು ಹೋದ ಮೇಲೂ ಕತ್ತನ್ನು ಉಳಿಸಿಕೊಳ್ಳಬಲ್ಲೆನೇ?’ ಎಂದು ಬರೆದುಕೊಳ್ಳಿ. ಅಭ್ಯಾಸದಲ್ಲಿ ರೋಲ್ (ಜೊತೆಗಾರರೊಂದಿಗಿನ ಸೆಣಸಾಟ) ಅನ್ನು ಅಲ್ಲಿಂದಲೇ ಶುರುಮಾಡಿ, ಜೊತೆಗಾರರು ಬೆನ್ನ ಮೇಲೆ ಕೂತು ಕಾಲು ಸಿಕ್ಕಿಸಲಿ. ಕಾಲರ್‌ಗೆ ಬರುವ ಕೈಯನ್ನು ನಿಮ್ಮ ಎರಡೂ ಕೈಗಳಿಂದ ಹಿಡಿದಿಡಿ, ಗದ್ದ ಕೆಳಗಿರಲಿ, ಅವಸರದಲ್ಲಿ ಕಾಲು ಬಿಡಿಸಲು ಹೋಗಬೇಡಿ. ಕತ್ತು ಸುರಕ್ಷಿತವಾದ ಮೇಲೆ ಬೆನ್ನನ್ನು ಮ್ಯಾಟ್‌ಗೆ ಜಾರಿಸುವ ಕೆಲಸ. ಕೆಲವು ವಾರ ಮಾಡಿ, ಹೇಗಾಯಿತೆಂದು ಇಲ್ಲಿ ಬರೆಯಿರಿ.