ಸಹಾಯ ಬೇಕು: ಮೂಗಿನ ಸರ್ಜರಿ ಅಭ್ಯಾಸಕ್ಕೆ ಮಾಡೆಲ್ ಮಾಡಬೇಕು

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಇಎನ್‌ಟಿ ಪಿಜಿ ಮಾಡುತ್ತಿದ್ದೇನೆ. ಮೂಗಿನ ಆಕಾರ ಸರಿಪಡಿಸುವ ರೈನೋಪ್ಲಾಸ್ಟಿಯನ್ನು ಸುಮ್ನೆ ನೋಡಿ ಕಲಿಯುವುದು ಕಷ್ಟ. ಎಷ್ಟೋ ಕೆಲಸ ಚರ್ಮದ ಕೆಳಗೆ, ಕೈಯ ಅಂದಾಜಿನ ಮೇಲೆ ನಡೆಯುತ್ತದೆ. ನನ್ನ ಮೊದಲ ಉಳಿಪೆಟ್ಟು ರೋಗಿಯ ಮೂಗಿನ ಮೇಲೆ ಬೀಳಬಾರದು ಅಂತ ನನ್ನ ಆಸೆ.

ಸದ್ಯ ಕುರಿ ತಲೆಯ ಮೇಲೆ ಅಭ್ಯಾಸ. ಮಟನ್ ಅಂಗಡಿಯಲ್ಲೇ ಸಿಗುತ್ತದೆ. ಪದರ ಬಿಡಿಸುವುದು, ಹೊಲಿಗೆ ಹಾಕುವುದು ಚೆನ್ನಾಗಿ ಕಲಿಯಬಹುದು. ಆದರೆ ನಮ್ಮ ಮೂಗಿನ ತುದಿಯ ಆಕಾರ ಅದಕ್ಕಿಲ್ಲ ಅಲ್ವಾ?

ಅದಕ್ಕೇ ತ್ರೀಡಿ ಪ್ರಿಂಟ್‌ಗೆ ಕೈ ಹಾಕಿದೆ. ಒಪ್ಪಿಗೆ ಪಡೆದು, ಹೆಸರು ತೆಗೆದ ಸಿಟಿ ಸ್ಕ್ಯಾನ್ ಬಳಸಿದೆ. ತ್ರೀಡಿ ಸ್ಲೈಸರ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಮೂಳೆ ಬೇರ್ಪಡಿಸಿ, ಪಿಎಲ್‌ಎ ಎಂಬ ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಮಾಡಿದೆ. ಉಳಿ ಇಟ್ಟರೆ ಪದರ ಪದರವಾಗಿ ಸೀಳುತ್ತದೆ. ಮೂಳೆ ಹಾಗೆ ಬಿರಿಯುವುದಿಲ್ಲ.

ಜಾಸ್ತಿ ತೊಂದರೆ ಮೃದ್ವಸ್ಥಿಯದು (ಕಾರ್ಟಿಲೇಜ್). ಸಿಟಿಯಲ್ಲಿ ಅದು ಸ್ಪಷ್ಟವಾಗಿ ಕಾಣುವುದಿಲ್ಲ, ಕೈಯಲ್ಲೇ ರೂಪಿಸಬೇಕು. ಅದಕ್ಕೆ ಬಳಸುವ ವಸ್ತು ಬ್ಲೇಡಿನಿಂದ ಸರಾಗವಾಗಿ ಕತ್ತರಿಸಲು ಬರಬೇಕು, ಹೊಲಿದರೆ ಹರಿಯಬಾರದು, ಬಾಗಿಸಿದರೆ ಮತ್ತೆ ನೆಟ್ಟಗಾಗಬೇಕು. ಸೆಪ್ಟಮ್‌ನಿಂದ (ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆ) ಮೃದ್ವಸ್ಥಿಯ ತುಂಡು ತೆಗೆಯುವಾಗ ಮೇಲೂ ಮುಂದೂ ಕನಿಷ್ಠ 1 ಸೆಂ.ಮೀ. ಪಟ್ಟಿ ಉಳಿಸಬೇಕು. ಇಲ್ಲದಿದ್ದರೆ ಮೂಗು ಕುಸಿಯಬಹುದು. ಆ ಅಂದಾಜು ಮಾಡೆಲ್ ಮೇಲೇ ಕೈಗೆ ಬರಲಿ ಅಂತ ಇಷ್ಟೆಲ್ಲ ಒದ್ದಾಟ.

ಸಿಲಿಕೋನ್ ಎರಕ ಹೊಯ್ಯುವವರು, ಸಿನಿಮಾಗೆ ನಕಲಿ ಚರ್ಮ ಮಾಡುವವರು ಇಲ್ಲಿದ್ದೀರಾ? ಮೃದ್ವಸ್ಥಿಗೆ ಎಷ್ಟು ಗಡಸಿನ ಸಿಲಿಕೋನ್ ಸರಿ? ಚರ್ಮ ಎಷ್ಟು ತೆಳುವಾಗಿ ಎರೆಯಬಹುದು? ಮೂಳೆಗೆ ಪ್ಲಾಸ್ಟರ್ ಅಥವಾ ರೆಸಿನ್ ಬಳಸಿ ನೋಡಿದವರಿದ್ದರೆ ದಯವಿಟ್ಟು ತಿಳಿಸಿ. ಮಾಡೆಲ್ ಸರಿಯಾಗಿ ಬಂದರೆ ಫೈಲ್‌ಗಳನ್ನು ಇಲ್ಲೇ ಎಲ್ಲರಿಗೂ ಉಚಿತವಾಗಿ ಹಾಕುತ್ತೇನೆ.