ಹಸಿರು ಮರಿಯನ್ನು ಕುಂಡದಲ್ಲಿ ಉಳಿಸಿಕೊಳ್ಳಬೇಡ

ಮಗು, ನೀನು ಬೆಳಿಗ್ಗೆ ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನು ನಿನ್ನ ದೊಡ್ಡಪ್ಪ ಓದಿ ಹೇಳಿದರು. ಬಿಳಿ ಅಂಚಿನ ಎಲೆಯ ಅಗಾಪ್ಯಾಂಥಸ್ ಹೂಗಿಡದ ಕುಂಡದಲ್ಲಿ ಒಂದು ಮರಿ ಪೂರ್ತಿ ಹಸಿರಾಗಿ ಎದ್ದಿದೆ, ಎರಡು ವರ್ಷದಿಂದ ಹೂವೂ ಬಂದಿಲ್ಲ, ಇದು ರೋಗವೇ, ದೊಡ್ಡ ಕುಂಡಕ್ಕೆ ಬದಲಾಯಿಸಿ ಗೊಬ್ಬರ ಹಾಕಲೇ ಎಂದು ಕೇಳಿದ್ದೀಯೆ. ಅದಕ್ಕೆ ನಿನ್ನ ಚಿಕ್ಕಪ್ಪ, ಹಸಿರಾಗಿದ್ದರೆ ಒಳ್ಳೆಯದೇ ಆಯಿತಲ್ಲ, ಗಿಡಕ್ಕೆ ಜೀವ ಬಂತು ಎಂದು ಉತ್ತರಿಸಿದ್ದಾನೆ. ಅವನ ಮಾತನ್ನು ಕೇಳಬೇಡ. ಇಷ್ಟನ್ನೆಲ್ಲ ಬೆರಳಿನಿಂದ ಒತ್ತಿ ಬರೆಯುವ ತಾಳ್ಮೆ ನನಗಿಲ್ಲ, ಆದ್ದರಿಂದ ಬಾಯಲ್ಲೇ ಹೇಳುತ್ತಿದ್ದೇನೆ. ಅರ್ಧಕ್ಕೆ ನಿಲ್ಲಿಸಿ ಕುಂಡವನ್ನು ಬುಡಮೇಲು ಮಾಡಲು ಹೋಗಬೇಡ. ಮೊದಲ ಮಾತು ಇದು: ಆ ಹಸಿರು ಮರಿಯನ್ನು ಕುಂಡದಲ್ಲಿ ಉಳಿಸಿಕೊಳ್ಳಬೇಡ.

ನನ್ನ ಟಿಂಕರ್‌ಬೆಲ್ ಎಂಬ ಅಗಾಪ್ಯಾಂಥಸ್ ನಿಮಗೆಲ್ಲ ನೆನಪಿರಲೇಬೇಕು. ಹಿತ್ತಿಲ ಬಾಗಿಲಿನ ಮೆಟ್ಟಿಲ ಪಕ್ಕ ಮಣ್ಣಿನ ಕುಂಡದಲ್ಲಿ ಇತ್ತು. ನೀನು ಚಿಕ್ಕವಳಿದ್ದಾಗ ಅದರ ಎಲೆಯನ್ನು ಸೀಳಿ ಬಿಳಿಯ ದಾರ ತೆಗೆಯುತ್ತೇನೆಂದು ಕುಳಿತು ನಿನ್ನಮ್ಮನಿಂದ ಬೈಸಿಕೊಂಡಿದ್ದೆ. ಗೇಣುದ್ದದ ಎಲೆ, ನಡುವೆ ಹಸಿರು, ಎರಡೂ ಕಡೆ ಹಾಲಿನ ಕೆನೆಯಂಥ ಅಂಚು. ಅದು ಗಿಡ್ಡ ತಳಿ, ಹೂ ಬಿಡುವುದರಲ್ಲಿ ಸ್ವಭಾವತಃ ಜಿಪುಣ. ಎಲೆಗಾಗಿಯೇ ಅದನ್ನು ಸಾಕುವುದು ಎಂಬ ವಿವೇಕ ನನಗಿದ್ದಿದ್ದರೆ ಮುಂದಿನದೆಲ್ಲ ನಡೆಯುತ್ತಲೇ ಇರಲಿಲ್ಲ. ಮೂರನೆಯ ವರ್ಷ ಕುಂಡದ ಅಂಚಿನಲ್ಲಿ ಒಂದು ಮರಿ ಮೊಳೆಯಿತು. ಗೆರೆಯಿಲ್ಲ, ಅಂಚಿಲ್ಲ, ಬರೀ ಹಸಿರು. ಉಳಿದವುಗಳಿಗಿಂತ ನಾಲ್ಕು ಬೆರಳು ಎತ್ತರ, ಎಲೆಯೂ ದಪ್ಪ. ನಿನ್ನ ದೊಡ್ಡಪ್ಪ ಬಗ್ಗಿ ನೋಡಿ, ಇದು ಬೇರೆ ಮನೆಯ ಮಗುವಿನಂತೆ ಕಾಣುತ್ತದಲ್ಲ ಎಂದರು. ನನಗೆ ಸಿಟ್ಟು ಬಂತು. ನನ್ನ ಆರೈಕೆ ಕೊನೆಗೂ ಫಲಿಸಿತೆಂದು ಹಿಗ್ಗಿ, ಎಲೆ ಬೆಳೆಸುವ ಸಾರಜನಕದ ಗೊಬ್ಬರವನ್ನು ಹದಿನೈದು ದಿನಕ್ಕೊಮ್ಮೆ ಸುರಿದೆ.

ಮರುವರ್ಷ ಹಸಿರು ಮರಿಗಳು ನಾಲ್ಕಾದವು. ಅದರ ಮುಂದಿನ ವರ್ಷ ಪಟ್ಟೆಯವು ನಡುವೆ ನೆರಳಿನಲ್ಲಿ ಕುಸಿದು, ಎರಡೇ ಎಲೆಯ ಒಂದು ಬಡಕಲು ಮರಿ ಉಳಿಯಿತು. ಆಗ ನನಗೆ ಎಚ್ಚರವಾಯಿತು. ಕುಂಡವನ್ನು ಮಗುಚಿದರೆ ಮಣ್ಣೇ ಕಾಣಲಿಲ್ಲ. ಕಿರುಬೆರಳ ಗಾತ್ರದ ಬಿಳಿಯ ಬೇರುಗಳು ಕುಂಡದ ಒಳಮೈಗೆ ಹಗ್ಗ ಸುತ್ತಿದಂತೆ ಸುತ್ತಿಕೊಂಡಿದ್ದವು, ಒಂದು ಕಡೆ ಕುಂಡವೇ ಬಿರುಕು ಬಿಟ್ಟಿತ್ತು. ಅವುಗಳ ನಡುವಿನಿಂದ ಆ ಬಡಕಲು ಮರಿಯನ್ನು ಬಿಡಿಸುವಾಗ ಅದರ ಪಾಲಿಗೆ ಬಂದದ್ದು ಹೆಬ್ಬೆರಳಷ್ಟು ಬೇರು ಮಾತ್ರ. ಗಾಯ ಒಣಗಲು ಬಿಡದೆ, ಪ್ರೀತಿ ಹೆಚ್ಚಾಗಿ, ದಿನವೂ ನೀರೆರೆದೆ. ಹನ್ನೆರಡನೆಯ ದಿನ ಎಲೆಯನ್ನು ಮುಟ್ಟಿದರೆ ಬುಡವೇ ಕಳಚಿ ಕೈಗೆ ಬಂತು, ಕೊಳೆತ ವಾಸನೆ. ಇನ್ನು ಆ ಹಸಿರು ಗಿಡವೋ, ಆ ಬೇಸಿಗೆಯಲ್ಲಿ ಉದ್ದನೆಯ ದಂಟುಗಳ ಮೇಲೆ ನೀಲಿ ಚೆಂಡುಗಳನ್ನು ಎತ್ತಿ ನಿಂತಿತು. ಬಂದವರೆಲ್ಲ ಹೊಗಳಿದರು. ಅವರೆದುರು ನಾನು ನಕ್ಕೆ, ಒಳಗೆ ಹೋಗಿ ಅತ್ತೆ.

ಹೀಗಾಗುವುದು ಗಿಡದ ದುಷ್ಟತನದಿಂದ ಏನೂ ಅಲ್ಲ. ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲ, ಆದ್ದರಿಂದ ಅಲ್ಲಿ ಆಹಾರ ತಯಾರಾಗುವುದಿಲ್ಲ. ಪಟ್ಟೆಯ ಗಿಡ ಯಾವಾಗಲೂ ಅರೆಹೊಟ್ಟೆಯಲ್ಲಿ ದುಡಿಯುವ ಗಿಡ, ಅದಕ್ಕೇ ನಿಧಾನ. ಇಂಥ ಗಿಡಗಳ ಕುಡಿಯಲ್ಲಿ ಸಾಮಾನ್ಯವಾಗಿ ಹಸಿರು ಕಣಗಳೂ ಬಣ್ಣವಿಲ್ಲದ ಕಣಗಳೂ ಒಟ್ಟಿಗೆ ಬಾಳುತ್ತವೆ. ಹಸಿರು ಕಣಗಳಿಂದಷ್ಟೇ ಹುಟ್ಟಿದ ಮೊಗ್ಗು ಹಸಿರು ಮರಿಯಾಗುತ್ತದೆ. ಅದಕ್ಕೆ ಇಡೀ ಎಲೆಯೇ ಅಡುಗೆಮನೆ. ಪಕ್ಕದವರ ಬೆಳಕು, ನೀರು, ಜಾಗ ಎಲ್ಲವನ್ನೂ ಅದು ಸುಮ್ಮನೆ ಬೆಳೆಯುತ್ತಲೇ ಕಿತ್ತುಕೊಳ್ಳುತ್ತದೆ. ಬೀಜದಿಂದ ಮತ್ತೆ ಪಟ್ಟೆ ಬರಿಸೋಣವೆಂದು, ಹಿಂದೊಮ್ಮೆ ಪಟ್ಟೆಯ ಮರಿ ಹೂ ಬಿಟ್ಟಾಗ ಎತ್ತಿಟ್ಟಿದ್ದ ಬೀಜವನ್ನೂ ಬಿತ್ತಿ ನೋಡಿದೆ. ಹುಲ್ಲಿನಂತೆ ಎದ್ದ ಸಸಿಗಳೆಲ್ಲ ಹಸಿರೇ. ಪಟ್ಟೆಯನ್ನು ಉಳಿಸಿಕೊಳ್ಳುವ ದಾರಿ ಪಟ್ಟೆಯಿರುವ ಬುಡವನ್ನು ಬೇರಿನ ಸಮೇತ ವಿಂಗಡಿಸಿ ನೆಡುವುದು. ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ಚಿಕ್ಕಪ್ಪನೂ ಕೇಳಿಸಿಕೊಳ್ಳಲಿ: ಹಸಿರು ಮರಿ ಎಷ್ಟೇ ಚೆಲುವಾಗಿರಲಿ, ಆ ಕುಂಡದಲ್ಲಿ ಉಳಿಸಿಕೊಳ್ಳಬೇಡ.

ವಿಂಗಡಿಸಿ ನೆಡುವುದು ಎಂದಾಗ ಒಂದು ಮಾತು ಹೇಳದೆ ಇರಲಾರೆ. ಆ ಗಿಡ ಚೆನ್ನಾಗಿದ್ದಾಗ ನಾನೇ ಕೈಯಾರೆ ಮೂರು ಪಾಲು ಮಾಡಿ ಮೂರು ಮನೆಗೆ ಕೊಟ್ಟಿದ್ದೆ. ಒಂದೊಂದು ಪಾಲಿನಲ್ಲೂ ಪಟ್ಟೆಯ ಎರಡು ಮೂರು ಮರಿ, ಕೈತುಂಬ ಬೇರು ಇರುವಂತೆ ನೋಡಿಕೊಂಡಿದ್ದೆ. ನನ್ನದು ಹೋದ ಮೇಲೆ ಒಂದೇ ಒಂದು ಮರಿಯನ್ನು ವಾಪಸು ಕೇಳಿದೆ. ಒಬ್ಬರು ಅದನ್ನು ದಟ್ಟ ಮರದ ಅಡಿ ನೆಟ್ಟು ಮರೆತಿದ್ದರು. ಇನ್ನೊಬ್ಬರು ಕುಂಡದ ತಳದ ತೂತನ್ನು ನೆಲ ಕೊಳೆಯಾಗುತ್ತದೆಂದು ಮುಚ್ಚಿ, ನೀರು ನಿಲ್ಲಿಸಿ ಕೊಳೆಸಿದ್ದರು. ನಿನ್ನ ಸೋದರತ್ತೆ ಮಾತ್ರ, ಆ ಈರುಳ್ಳಿ ಗಿಡವೇ, ಇದೆಯಲ್ಲ, ಈಗ ಪೂರ್ತಿ ಹಸಿರಾಗಿ ಇನ್ನೂ ಚೆನ್ನಾಗಿದೆ, ಬೇಕಾದರೆ ಬುಟ್ಟಿ ತುಂಬ ಕೊಡುತ್ತೇನೆ ಎಂದಳು. ಈರುಳ್ಳಿ ಗಿಡವಂತೆ! ಅವಳ ಮಾತು ಅರ್ಧ ನಿಜವೆಂಬುದೇ ನನ್ನ ಸಂಕಟ. ಆಫ್ರಿಕನ್ ಲಿಲಿ ಎಂದು ಕರೆದರೂ ಅಗಾಪ್ಯಾಂಥಸ್ ನಿಜವಾದ ಲಿಲಿಯಲ್ಲ. ಹೂಬಿಡುವ ಗಿಡಗಳನ್ನು ಕುಟುಂಬಗಳಾಗಿ ವಿಂಗಡಿಸುವ ಸಸ್ಯವಿಜ್ಞಾನಿಗಳ ಎಪಿಜಿ ಗುಂಪಿನ 2009ರ ವರ್ಗೀಕರಣದಲ್ಲಿ ಅದನ್ನೂ ಈರುಳ್ಳಿಯನ್ನೂ ಅಮರಿಲಿಡೇಸಿ ಎಂಬ ಒಂದೇ ಕುಟುಂಬಕ್ಕೆ ಸೇರಿಸಿದ್ದಾರೆ. ಆದರೆ ನೆಂಟಸ್ತಿಕೆ ಇದೆಯೆಂದು ಬಾಯಿಗೆ ಹಾಕುವಂತಿಲ್ಲ, ಇದು ವಿಷ. ಗಿಡ ಮಾರಿದವನ ಮೇಲೂ ನನಗೆ ಕೋಪವಿದೆ. ಚೀಟಿಯಲ್ಲಿ ‘ಸುಲಭವಾಗಿ ಬೆಳೆಯುತ್ತದೆ’ ಎಂದು ಅಚ್ಚಾಗಿತ್ತು. ಹಸಿರಿಗೆ ತಿರುಗಬಹುದೆಂಬ ಒಂದು ಸಾಲು ಸೇರಿಸಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವನ್ನೇ ಹೇಳಲಿಲ್ಲ. ಇದು ರೋಗವಲ್ಲ. ಮೊದಲು ಕೈಗವಸು ಹಾಕಿಕೋ, ಏಕೆಂದರೆ ಆ ರಸ ತಾಗಿದರೆ ಚರ್ಮ ಉರಿಯುತ್ತದೆ, ಬಾಯಿಗೆ ಹೋದರೆ ಹುಣ್ಣಾಗುತ್ತದೆ. ಮಕ್ಕಳನ್ನೂ ನಾಯಿಯನ್ನೂ ದೂರವಿಡು. ಎಲೆಯನ್ನಷ್ಟೇ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಆದ್ದರಿಂದ ಬೆರಳಿನಿಂದ ಮಣ್ಣನ್ನು ಸರಿಸಿ, ಹಸಿರು ಮರಿ ಗಡ್ಡೆಗೆ ಅಂಟಿಕೊಂಡಿರುವ ಜಾಗದವರೆಗೆ ಇಳಿದು, ಸ್ವಚ್ಛವಾದ ಚಾಕುವಿನಿಂದ ಅದರ ಬೇರಿನ ಸಮೇತ ಕತ್ತರಿಸಿ ತೆಗೆ. ಆಮೇಲೆ ಎರಡು ಮೂರು ದಿನ ನೀರು ಹಾಕಬೇಡ. ಪೂರ್ತಿ ಬಿಳಿಯ ಮರಿ ಎದ್ದರೂ ಗಾಬರಿಯಾಗಬೇಡ. ಅದು ತಾನಾಗಿ ಬದುಕಲಾರದು, ಅದನ್ನೂ ತೆಗೆದುಬಿಡಬಹುದು.

ತೆಗೆದ ಹಸಿರು ಮರಿಯನ್ನು ಬೇರೆ ಕುಂಡದಲ್ಲಿ ನೆಟ್ಟರೆ ತಪ್ಪಿಲ್ಲ, ಅದೂ ಒಳ್ಳೆಯ ಗಿಡವೇ. ಹಳ್ಳದ ದಂಡೆಗೆ ಮಾತ್ರ ಎಸೆಯಬೇಡ. ದಕ್ಷಿಣ ಆಫ್ರಿಕಾದಿಂದ ಹೋದ ಈ ಜಾತಿಯ ಗಿಡ ನ್ಯೂಜಿಲೆಂಡಿನಲ್ಲಿ ತೋಟ ದಾಟಿ ಕಳೆಯಾಗಿ ಹಬ್ಬಿದೆ.

ದೊಡ್ಡ ಕುಂಡ ಬೇಡ. ಬೇರು ಇಕ್ಕಟ್ಟಾಗಿದ್ದರೆ ಅಗಾಪ್ಯಾಂಥಸ್ ಬೇಸರಪಡುವುದಿಲ್ಲ, ಕುಂಡದಲ್ಲಿ ಅದಕ್ಕೆ ಹಾಗಿದ್ದರೇ ಹೂವು ಚೆನ್ನ. ನಾಲ್ಕೈದು ವರ್ಷಕ್ಕೊಮ್ಮೆ, ಬೇರು ಕುಂಡವನ್ನು ಒಡೆಯುವಂತಾದಾಗ, ಹೂವಿನ ಕಾಲ ಮುಗಿದ ಮೇಲೆ ವಿಂಗಡಿಸಿದರೆ ಸಾಕು. ವಿಂಗಡಿಸಿದ ಗಿಡ ಒಂದೆರಡು ವರ್ಷ ಹೂ ಬಿಡದೆ ಮುನಿಸಿಕೊಂಡರೂ ಕಾಯಬೇಕು. ಬೆಳಗಿನ ಬಿಸಿಲು ಧಾರಾಳವಾಗಿ ಬೀಳಲಿ, ಬರೀ ನೆರಳಿನಲ್ಲಿ ಹೂವಿನ ಆಸೆ ಇಟ್ಟುಕೊಳ್ಳಬೇಡ. ಮಧ್ಯಾಹ್ನದ ಸುಡುಬಿಸಿಲಿಗೆ ಮಾತ್ರ ಆ ಬಿಳಿ ಅಂಚು ಕಂದಾಗಿ ಒಣಗುತ್ತದೆ, ಆಗ ಕುಂಡವನ್ನು ಸರಿಸು. ಸಾರಜನಕ ಹೆಚ್ಚಿರುವ ಗೊಬ್ಬರವನ್ನು ಮುಟ್ಟಬೇಡ. ಎಲೆ ಬೆಳೆಯುವ ಕಾಲದಿಂದ ಮೊಗ್ಗು ಕಾಣುವವರೆಗೆ, ಪೊಟ್ಯಾಶ್ ಹೆಚ್ಚಿರುವುದನ್ನು ತೆಳುವಾಗಿ ಕರಗಿಸಿ ಎರಡು ವಾರಕ್ಕೊಮ್ಮೆ ಕೊಡು. ಚಳಿಗಾಲದಲ್ಲಿ ಮಣ್ಣು ಒಣಗುತ್ತ ಬಂದ ಮೇಲೆ ಸ್ವಲ್ಪವೇ ನೀರು.

ಕತ್ತರಿಸುವ ಮೊದಲು ನನಗೆ ಇನ್ನೊಂದು ಚಿತ್ರ ಕಳಿಸು. ನೀನು ಹಾಕಿರುವುದರಲ್ಲಿ ಎಲೆಯ ತುದಿಗಳಷ್ಟೇ ಕಾಣುತ್ತವೆ, ನನಗೆ ಬೇಕಾದದ್ದು ಬುಡ. ಮುಂದೆ ವಿಂಗಡಿಸುವ ಕಾಲ ಬಂದಾಗ ಪಟ್ಟೆಯ ಮರಿ ಒಂದನ್ನು ನನಗೆ ತೆಗೆದಿಡು. ಸೋದರತ್ತೆಯ ಕೈಯಲ್ಲಿ ಕೊಟ್ಟು ಕಳಿಸಬೇಡ, ನಾನೇ ಬಂದು ಒಯ್ಯುತ್ತೇನೆ.